ಹತ್ತನೆಯ ತರಗತಿಯ ವರ್ಷ: ಪಾಲಕರ ಪಾಲಿನ ಹೊಣೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ವಿದ್ಯಾರ್ಥಿ ಜೀವನದ ಮಹತ್ವದ ಘಟ್ಟವೆಂಬುದರಲ್ಲಿ ಎರಡು ಮಾತಿಲ್ಲ. ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳಲ್ಲಿ ಅದರ ಭಾರ ತುಸು ಹೆಚ್ಚೇ. ಈ ತಾಲ್ಲೂಕುಗಳನ್ನು ಒಳಗೊಂಡ ಉತ್ತರ ಕನ್ನಡ ಶೈಕ್ಷಣಿಕ ಜಿಲ್ಲೆ 2018ರಲ್ಲಿ ಫಲಿತಾಂಶದಲ್ಲಿ ರಾಜ್ಯಕ್ಕೆ ಎರಡನೆಯದಾಗಿತ್ತು, 2025ರಲ್ಲಿ ಮೂರನೆಯದಾಯಿತು. ಹೆಮ್ಮೆಯ ಸಂಗತಿಯೇ ಸರಿ. ಆದರೆ ಬಹುಪಾಲು ಮಕ್ಕಳು ಉತ್ತೀರ್ಣರಾಗುವ ಊರಿನಲ್ಲಿ ಹಿಂದುಳಿದ ಮಗು ಹೆಚ್ಚು ಒಂಟಿಯಾಗುತ್ತದೆ. ಉತ್ತೀರ್ಣರಾದವರಿಗೂ ಮಂಗಳೂರು, ಮೂಡುಬಿದಿರೆಗಳ ಕಾಲೇಜುಗಳಲ್ಲಿ ಸೀಟು ದೊರೆಯುವುದೇ ಎಂಬ ಚಿಂತೆ ತಪ್ಪದು. ಇಂಥ ವರ್ಷದಲ್ಲಿ ಪಾಲಕರು ಮಾಡಬಹುದಾದುದೇನು?

ಪಾಠ ಬಾರದಿದ್ದರೂ ನೆರವು ಸಾಧ್ಯ

‘ನಾವು ಅಷ್ಟು ಓದಿದವರಲ್ಲ, ಏನು ಹೇಳಿಕೊಡುವುದು?’ ಎಂಬುದು ಅನೇಕ ಪಾಲಕರ ಅಳಲು. ಮನೆಯಲ್ಲಿ ಕೊಂಕಣಿ, ನವಾಯತಿ ಅಥವಾ ಹವ್ಯಕ ಕನ್ನಡ. ಪುಸ್ತಕದಲ್ಲಿ ಬೇರೆಯೇ ಭಾಷೆ. ಈ ಅಂತರವನ್ನೇ ಅನುಕೂಲವಾಗಿಸಿಕೊಳ್ಳಬಹುದು. ಅಂದು ಕಲಿತ ಪಾಠವನ್ನು ಮನೆಮಾತಿನಲ್ಲಿ ಹೇಳುವಂತೆ ಮಗುವನ್ನು ಕೇಳಿದರೆ ಸಾಕು. ಪುಸ್ತಕ ಮುಚ್ಚಿ ನೆನಪಿನಿಂದ ಹೇಳುವುದು, ಅದೇ ಪುಟವನ್ನು ಮತ್ತೆ ಮತ್ತೆ ಓದುವುದಕ್ಕಿಂತ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯುತ್ತದೆಂದು ಮನಃಶಾಸ್ತ್ರದ ಅಧ್ಯಯನಗಳು ತೋರಿಸಿವೆ. ತಾಯಿ ಅಡುಗೆ ಮಾಡುತ್ತಲೇ ಕೇಳಬಹುದು. ಅರ್ಥವಾಗದಿದ್ದಲ್ಲಿ ‘ಅದು ಹೇಗೆ?’ ಎಂದರೂ ಪ್ರಯೋಜನವೇ.

ವರ್ಷದ ಆರಂಭದಲ್ಲೇ ಎಚ್ಚರ

ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಭಾರೀ ಮಳೆಯಿಂದಾಗಿ ಶಾಲೆಗಳಿಗೆ ಆಗಾಗ ರಜೆ ಸಾರಲಾಗುತ್ತದೆ. ಈ ದಿನಗಳು ಕೈತಪ್ಪಿದರೆ ಮುಂದೆ ಪಾಠಗಳ ಒತ್ತಡ ಹೆಚ್ಚುತ್ತದೆ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿ 100ರಲ್ಲಿ 20 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಆದ್ದರಿಂದ ಹಾಜರಾತಿ, ಚಟುವಟಿಕೆಗಳ ಬಗ್ಗೆ ಪಾಲಕರು ಶಿಕ್ಷಕರನ್ನು ಮಳೆಗಾಲದಲ್ಲೇ ಭೇಟಿಯಾಗುವುದು ಲೇಸು. ಪೂರ್ವಸಿದ್ಧತಾ ಪರೀಕ್ಷೆಯ ಅಂಕ ನೋಡಿ ಗಾಬರಿಯಾಗಿ ಓಡುವುದರಿಂದ ಫಲವಿಲ್ಲ.

ನಿದ್ದೆ ಮತ್ತು ಮನೆಗೆಲಸ

ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕೆಂಬುದು ವೈದ್ಯರ ಸಲಹೆ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ದೆಯಲ್ಲೇ. ಮೊಬೈಲನ್ನು ರಾತ್ರಿ ಹಾಸಿಗೆಯಿಂದ ದೂರವಿಡುವ ನಿಯಮ ಹಿರಿಯರಿಗೂ ಅನ್ವಯಿಸಿದರೆ ಮಾತ್ರ ಮಕ್ಕಳು ಒಪ್ಪುತ್ತಾರೆ. 2025ರಲ್ಲಿ ಪರೀಕ್ಷೆ ರಂಜಾನ್ ತಿಂಗಳಲ್ಲೇ ಆರಂಭವಾಗಿತ್ತು. ಅಂಥ ದಿನಗಳಲ್ಲಿ ನಸುಕಿನ ಸಹರಿಯಿಂದ ಮುರಿದ ನಿದ್ದೆಗೆ ಮಧ್ಯಾಹ್ನ ಬಿಡುವು ಕೊಡುವುದು ಮನೆಯವರ ಜವಾಬ್ದಾರಿ.

ತದಡಿ, ಕಾಸರಕೋಡು ಬಂದರುಗಳ ಸುತ್ತಲಿನ ಮೀನುಗಾರ ಕುಟುಂಬಗಳಲ್ಲಿ ತಾಯಿ ಬೆಳಿಗ್ಗೆಯೇ ಮೀನು ಮಾರಲು ಹೊರಟರೆ, ಒಲೆಯೂ ತಮ್ಮ-ತಂಗಿಯರೂ ಹೆಣ್ಣುಮಗಳ ಪಾಲಿಗೆ ಬರುವುದುಂಟು. ಈ ಒಂದು ವರ್ಷವಾದರೂ ಆ ಕೆಲಸವನ್ನು ಗಂಡುಮಕ್ಕಳೂ ಹಂಚಿಕೊಳ್ಳಬೇಕು.

ದೂರವಿರುವ ತಂದೆ

ಭಟ್ಕಳದ ಅನೇಕ ಮನೆಗಳಲ್ಲಿ ತಂದೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಾರೆ. ಫೋನ್ ಮಾಡಿದಾಗ ಮೊದಲ ಪ್ರಶ್ನೆ ‘ಎಷ್ಟು ಅಂಕ ಬಂತು?’ ಎಂದಾದರೆ, ಮಗ ಫೋನನ್ನೇ ತಪ್ಪಿಸತೊಡಗುತ್ತಾನೆ. ‘ಊಟ ಆಯಿತೇ, ಇಂದು ಯಾವುದು ಕಷ್ಟವಾಯಿತು?’ ಎಂದು ಕೇಳುವ ತಂದೆಗೆ ಮಗ ಅಂಕವನ್ನೂ ತಾನಾಗಿಯೇ ಹೇಳುತ್ತಾನೆ.

ಒಂದೇ ಪರೀಕ್ಷೆಯಲ್ಲ

2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂದಿದೆ. ಅನುತ್ತೀರ್ಣರಾದವರಷ್ಟೇ ಅಲ್ಲ, ಅಂಕ ಹೆಚ್ಚಿಸಿಕೊಳ್ಳಬೇಕೆನ್ನುವವರೂ ಮತ್ತೆ ಬರೆಯಬಹುದು. ಉತ್ತಮ ಅಂಕವೇ ಉಳಿಯುತ್ತದೆ. ಪಿಯುಸಿಯಲ್ಲದೆ ಐಟಿಐ, ಡಿಪ್ಲೊಮಾಗಳ ದಾರಿಯೂ ಇದೆ. ಇದನ್ನು ಮಗುವಿಗೆ ಫಲಿತಾಂಶದ ನಂತರ ಸಮಾಧಾನಕ್ಕೆಂದು ಹೇಳಿದರೆ ಸಾಲದು. ಪರೀಕ್ಷೆಗೆ ಮೊದಲೇ, ಮನಃಪೂರ್ವಕವಾಗಿ ಹೇಳಿರಬೇಕು.

ಊಟ ಬಿಡುವುದು, ಮಾತು ಕಡಿಮೆಯಾಗುವುದು, ‘ನಾನಿದ್ದು ಪ್ರಯೋಜನವಿಲ್ಲ’ ಎನ್ನುವುದು ಕಂಡರೆ ಸೋಮಾರಿತನವೆಂದು ಗದರಬಾರದು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಸಲಹೆ ದೊರೆಯುತ್ತದೆ. ಅಂಕಪಟ್ಟಿಯನ್ನು ಮತ್ತೊಮ್ಮೆ ಪಡೆಯಬಹುದು. ಮಗುವಿನ ವಿಶ್ವಾಸ ಒಮ್ಮೆ ಕೈತಪ್ಪಿದರೆ ಮರಳಿ ಪಡೆಯುವುದು ಅಷ್ಟು ಸುಲಭವಲ್ಲ.