ಹೊಸ ಡೇಟಾಬೇಸ್ ಹಳೆಯ ಲಿಪಿಯಲ್ಲೇ ಏಕೆ ಬರೆಯುತ್ತದೆ?

ಜೆ.ಪಿ. ನಗರದ ಓದುಗರೊಬ್ಬರ ಪ್ರಶ್ನೆ: ‘ಮಗಳ ಆಫೀಸಿನಲ್ಲಿ ಡೇಟಾಬೇಸ್ ಅಪ್‌ಗ್ರೇಡ್ ನಡೆಯುತ್ತಿದೆ. ಹೊಸ ಸಾಫ್ಟ್‌ವೇರ್ ಹಾಕಿ ತಿಂಗಳಾದರೂ ಕೆಲಸ ಮುಗಿದಿಲ್ಲ ಅನ್ನುತ್ತಾಳೆ. ಹಾಕಿದ ಮೇಲೆ ಇನ್ನೇನು ಉಳಿದಿರುತ್ತದೆ?’

ಅವರು ಹೆಸರಿಸಿದ್ದು ಅಪಾಚೆ ಕಸಾಂಡ್ರವನ್ನು. ಫೇಸ್‌ಬುಕ್ಕಿನ ಇನ್‌ಬಾಕ್ಸ್ ಹುಡುಕಾಟಕ್ಕೆಂದು ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ಕಟ್ಟಿದ ಡೇಟಾಬೇಸ್ ಇದು. 2008ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಲಕ್ಷ್ಮಣ್ ಅದಕ್ಕೂ ಮುಂಚೆ ಅಮೆಜಾನಿನ ಡೈನಮೊ ಎಂಬ ಡೇಟಾಬೇಸ್ ರೂಪಿಸಿದವರಲ್ಲಿ ಒಬ್ಬರು. ಇಲ್ಲಿ ಯಜಮಾನ ಸರ್ವರ್ ಎಂಬುದಿಲ್ಲ. ಹತ್ತಾರು ನೋಡ್‌ಗಳು, ಅಂದರೆ ಸರ್ವರ್‌ಗಳು, ಸರಿಸಮವಾಗಿ ನಿಂತು ಮಾಹಿತಿಯ ಪ್ರತಿಗಳನ್ನು ಹಂಚಿಕೊಂಡಿರುತ್ತವೆ. ಹಾಗಾಗಿ ಸೇವೆ ನಿಲ್ಲಿಸದೆ ಒಂದೊಂದೇ ನೋಡನ್ನು ಹೊಸ ಆವೃತ್ತಿಗೆ ಏರಿಸಬಹುದು. ತೊಡಕೂ ಅಲ್ಲೇ ಇದೆ: ಅಷ್ಟು ದಿನ ಹಳೆಯವೂ ಹೊಸವೂ ಜೊತೆಯಲ್ಲೇ ಬಾಳಬೇಕು.

ಕನ್ನಡ ಪುಸ್ತಕ, ಕರಪತ್ರ ಅಚ್ಚು ಹಾಕಿಸಿದವರಿಗೆ ಇದು ಹೊಸದಲ್ಲ. ನಾವು ಯೂನಿಕೋಡ್‌ಗೆ ಬದಲಾದೆವು, ಹಳೆಯ ‘ನುಡಿ’ ತಂತ್ರಾಂಶದ ಫೈಲುಗಳನ್ನು ಪರಿವರ್ತಿಸಿ ಓದಿಕೊಂಡೆವು. ಆದರೆ ಡಿಟಿಪಿ ಅಂಗಡಿಯ ಹಳೆಯ ಪೇಜ್‌ಮೇಕರಿನಲ್ಲಿ ನಮ್ಮ ಯೂನಿಕೋಡ್ ಪಠ್ಯ ಕೂರಲಿಲ್ಲ. ಅಲ್ಲಿಗಾಗಿ ಮತ್ತೆ ಹಳೆಯ ನುಡಿಗೇ ತಿರುಗಿಸಿ ಕೊಡಬೇಕಾಯಿತು. ಹೊಸದಕ್ಕೆ ಹಳೆಯದು ಓದಲು ಬರುತ್ತದೆ, ಹಳೆಯದಕ್ಕೆ ಹೊಸದು ಬಾರದು. ಸರಪಳಿಯ ಕೊನೆಯ ಅಂಗಡಿಯೂ ಬದಲಾಗುವವರೆಗೆ ಹಳೆಯ ರೂಪವೇ ಎಲ್ಲರ ರೂಪ.

2024ರ ಸೆಪ್ಟೆಂಬರಿನಲ್ಲಿ ಬಂದ ಕಸಾಂಡ್ರ 5.0 ಈ ನಿಯಮವನ್ನೇ ಒಂದು ಸೆಟ್ಟಿಂಗ್ ಮಾಡಿಕೊಂಡಿದೆ. ಹೆಸರು ‘ಸ್ಟೋರೇಜ್ ಕಂಪ್ಯಾಟಿಬಿಲಿಟಿ ಮೋಡ್’. ಮೊದಲ ಹಂತ ‘ಕಸಾಂಡ್ರ 4’. ಸಾಫ್ಟ್‌ವೇರ್ ಹೊಸದು, ಡಿಸ್ಕಿಗೆ ಬರೆಯುವುದು ಮಾತ್ರ ನಾಲ್ಕನೇ ಆವೃತ್ತಿಗೆ ಓದಲು ಬರುವ ರೂಪದಲ್ಲಿ. ಏನಾದರೂ ಕೆಟ್ಟರೆ ಹಿಂದಿರುಗುವ ದಾರಿ ಇದೆ. ಹೊಸದು ಗಟ್ಟಿ ಅನ್ನಿಸಿದ ಮೇಲೆ ಎಲ್ಲ ನೋಡ್‌ಗಳನ್ನೂ ಸರದಿಯಂತೆ ‘ಅಪ್‌ಗ್ರೇಡಿಂಗ್’ನಲ್ಲಿ ಮರುಚಾಲೂ ಮಾಡುತ್ತಾರೆ. ಕೊನೆಯ ನೋಡ್ ಬಂದು ಸೇರುವವರೆಗೆ ಹೊಸ ಸೌಲಭ್ಯಗಳು ತೆರೆಯುವುದಿಲ್ಲ. ಯಾರು ಬಂದರು, ಯಾರು ಬಾಕಿ ಎಂದು ನೋಡ್‌ಗಳು ಹೀಗೆ ಒಂದನ್ನೊಂದು ಗಮನಿಸುತ್ತಿರುವುದಕ್ಕೂ ಒಂದಿಷ್ಟು ಶ್ರಮ ತಗಲುತ್ತದೆ. ಅದನ್ನು ಉಳಿಸಲು ಮೂರನೆಯ ಹಂತ, ‘ನನ್’ (None). ಓದುಗರ ಮಗಳು ಈ ಮೂರರ ನಡುವೆ ಎಲ್ಲೋ ಇದ್ದಾರೆ.

ಇಷ್ಟು ಪಡಿಪಾಟಲು ಪಟ್ಟು ಸಿಗುವುದೇನು? ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಕಾಲ. ಕಸಾಂಡ್ರದಲ್ಲಿ ಮಾಹಿತಿಗೆ ಆಯುಷ್ಯ ಕೊಡಬಹುದು, ಹೆಚ್ಚೆಂದರೆ 20 ವರ್ಷ. ಆ ಆಯುಷ್ಯ ಮುಗಿಯುವ ಗಳಿಗೆಯನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸಿ 32 ಬಿಟ್‌ಗಳಲ್ಲಿ ಇಡುತ್ತಿದ್ದರು. ಆ ಎಣಿಕೆ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ, ತುಂಬಿಹೋಗುತ್ತದೆ. ಅದಕ್ಕೆ ಇನ್ನೂ ಸಮಯವಿದೆ ಎನ್ನುವಂತಿಲ್ಲ. 2018ರ ಜನವರಿಯಲ್ಲೇ 20 ವರ್ಷದ ಆಯುಷ್ಯ ಕೊಟ್ಟು ಬರೆದ ಮಾಹಿತಿ ಈ ಗಡಿ ದಾಟಿತು; ಲೆಕ್ಕ ತಿರುಗಿ ಋಣ ಸಂಖ್ಯೆಯಾಗಿ, ಹುಟ್ಟುತ್ತಲೇ ಅವಧಿ ಮುಗಿದದ್ದೆಂದು ಮಾಯವಾಗತೊಡಗಿತು. ಆಗ ತುರ್ತಾಗಿ ತಿದ್ದುಪಡಿ ಹೊರಡಿಸಬೇಕಾಯಿತು. 5.0ರ ಹೊಸ ರೂಪದಲ್ಲಿ ಗಡಿ 2106ರ ಫೆಬ್ರವರಿಗೆ ಸರಿದಿದೆ. ಆದರೆ ‘ಕಸಾಂಡ್ರ 4’ ಹಂತದಲ್ಲೇ ನಿಂತವರಿಗೆ ಇವತ್ತಿಗೂ 2038ರದೇ ಗಡಿ.

ಒಂದು ಗುಂಡಿ ಒತ್ತಿದರೆ ಅಪ್‌ಗ್ರೇಡ್ ಆಯಿತು ಎಂದು ಮಾರುವವರ ಮಾತನ್ನು ನಾನು ನಂಬುವುದಿಲ್ಲ. ಹೊಸ ರೂಪದಲ್ಲಿ ಒಮ್ಮೆ ಬರೆದ ಫೈಲನ್ನು ನಾಲ್ಕನೇ ಆವೃತ್ತಿ ಓದಲಾರದು. ಆದ್ದರಿಂದ ಮೊದಲ ಹಂತದಲ್ಲಿ ಅವಸರ ಬೇಡ. ಅಲ್ಲೇ ಮರೆತು ಕೂರುವುದೂ ಅಷ್ಟೇ ತಪ್ಪು. ಬಿಟಿಎಂ, ಬನಶಂಕರಿಯ ಮನೆಗಳಲ್ಲಿ ಕೂತು ರಾತ್ರಿ ಇಂಥ ಕೆಲಸ ನಡೆಸುವ ತರುಣ ತರುಣಿಯರಲ್ಲಿ ನನ್ನ ವಿನಂತಿ: ಮೊದಲ ಸರ್ವರ್ ಮುಟ್ಟುವ ಮುನ್ನ ಸ್ನ್ಯಾಪ್‌ಶಾಟ್ ತೆಗೆದಿಡಿ, ಮೂರನೆಯ ಹಂತದ ದಿನಾಂಕವನ್ನೂ ಆಗಲೇ ಗೊತ್ತುಮಾಡಿಕೊಳ್ಳಿ.