ನೂರೈವತ್ತು ವರ್ಷದ ಪಂದ್ಯ

2000ನೇ ಇಸವಿಯಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಒಂದು ವಿಚಿತ್ರ ಪಂದ್ಯ ಕಟ್ಟಿದರು. ನೂರೈವತ್ತು ವರ್ಷ ಬಾಳಲಿರುವ ಮೊದಲ ವ್ಯಕ್ತಿ ಬಹುಶಃ ಈಗಾಗಲೇ ಹುಟ್ಟಿಯಾಗಿದೆ ಎಂದು ಪ್ರಾಣಿಗಳ ಮುಪ್ಪನ್ನು ಅಭ್ಯಸಿಸುವ ಸ್ಟೀವನ್ ಆಸ್ಟಡ್ ಹೇಳಿದ್ದರು. ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಜೇ ಒಲ್ಶಾನ್‌ಸ್ಕಿ ಅದನ್ನು ಒಪ್ಪಲಿಲ್ಲ. ಇಬ್ಬರೂ ಸ್ನೇಹಿತರು. ತಲಾ 150 ಡಾಲರನ್ನು ಒಂದು ಹೂಡಿಕೆ ನಿಧಿಯಲ್ಲಿಟ್ಟರು. 2150ರ ಹೊತ್ತಿಗೆ ನೂರೈವತ್ತು ತುಂಬಿದವರು ಜಗತ್ತಿನಲ್ಲಿ ಒಬ್ಬರಾದರೂ ಇದ್ದರೆ ಬೆಳೆದ ಹಣವೆಲ್ಲ ಆಸ್ಟಡ್ ಅವರ ವಂಶಸ್ಥರಿಗೆ, ಇಲ್ಲದಿದ್ದರೆ ಒಲ್ಶಾನ್‌ಸ್ಕಿ ಅವರ ವಂಶಸ್ಥರಿಗೆ. 2016ರಲ್ಲಿ ಇಬ್ಬರೂ ಮತ್ತೆ ಅಷ್ಟೇ ಹಣ ಹಾಕಿ ಪಣವನ್ನು ಇಮ್ಮಡಿಗೊಳಿಸಿದರು. ಇಬ್ಬರಲ್ಲಿ ಯಾರಿಗೂ ತಮ್ಮ ಮಾತಿನ ಮೇಲಿನ ನಂಬಿಕೆ ಕುಗ್ಗಿಲ್ಲವೆಂದಾಯಿತು.

ಪಣದ ಮೊತ್ತಕ್ಕಿಂತ ಹೆಚ್ಚು ಕುತೂಹಲಕರವಾದುದು ಅದರೊಳಗಿನ ಒಂದು ಷರತ್ತು. ನೂರೈವತ್ತು ತುಂಬಿದರಷ್ಟೇ ಸಾಲದು, ಆ ವ್ಯಕ್ತಿ ಸ್ವಸ್ಥ ಬುದ್ಧಿಯಿಂದ ನಾಲ್ಕು ಮಾತನಾಡುವ ಸ್ಥಿತಿಯಲ್ಲಿರಬೇಕು. ಉಸಿರಾಡುವುದನ್ನೇ ಬದುಕೆಂದು ಕರೆಯಲು ಪಂದ್ಯ ಕಟ್ಟಿದ ಇಬ್ಬರಿಗೂ ಮನಸ್ಸಿರಲಿಲ್ಲ. ದೀರ್ಘಾಯುಷ್ಯದ ವಿಜ್ಞಾನದ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆಯಲ್ಲಿ ಬಹುಮಟ್ಟಿಗೆ ಮರೆತುಹೋಗಿರುವುದು ಈ ಷರತ್ತೇ.

ದಾಖಲೆಗಳಿಂದ ದೃಢಪಟ್ಟಿರುವ ಅತಿ ದೀರ್ಘ ಆಯುಷ್ಯ ಫ್ರಾನ್ಸಿನ ಆರ್ಲ್ ಪಟ್ಟಣದ ಜಾನ್ ಕಾಲ್ಮಾ ಅವರದು. 1875ರ ಫೆಬ್ರುವರಿ 21ರಂದು ಹುಟ್ಟಿದ ಆಕೆ ತೀರಿಕೊಂಡದ್ದು 1997ರ ಆಗಸ್ಟ್ 4ರಂದು. ಅಂದರೆ 122 ವರ್ಷ 164 ದಿನ. ಆಕೆಯ ಮನೆಯ ಕಥೆ ಪ್ರಸಿದ್ಧ. 1965ರಲ್ಲಿ, ಆಕೆಗೆ ತೊಂಬತ್ತಾಗಿದ್ದಾಗ, ಅದೇ ಊರಿನ ವಕೀಲರೊಬ್ಬರು ಒಂದು ಒಪ್ಪಂದ ಮಾಡಿಕೊಂಡರು. ಆಕೆ ಬದುಕಿರುವಷ್ಟು ಕಾಲ ತಿಂಗಳಿಗೆ 2,500 ಫ್ರಾಂಕ್ ಕೊಡುವುದು, ಆಕೆಯ ನಂತರ ಮನೆ ತಮ್ಮದಾಗುವುದು. ಫ್ರಾನ್ಸಿನಲ್ಲಿ ಇದು ರೂಢಿಯಲ್ಲಿರುವ ವ್ಯವಹಾರ. ವಕೀಲರಿಗೆ ಆಗ ನಲವತ್ತೇಳು. ಮೂವತ್ತು ವರ್ಷ ಹಣ ಕಟ್ಟಿ, ಮನೆಯ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು ತೆತ್ತು, 1995ರಲ್ಲಿ ಅವರೇ ತೀರಿಕೊಂಡರು. ಉಳಿದ ಕಂತನ್ನು ಅವರ ಪತ್ನಿ ಕಟ್ಟಿದರು!

ಈ ಕಥೆಯನ್ನು ಎಲ್ಲರೂ ನಗುತ್ತ ಹೇಳುತ್ತಾರೆ. ಅದಕ್ಕೆ ಇನ್ನೊಂದು ಮುಖವಿದೆ. ಕಾಲ್ಮಾ ಅವರ ಒಬ್ಬಳೇ ಮಗಳು ಸತ್ತದ್ದು 1934ರಲ್ಲಿ, ಗಂಡ 1942ರಲ್ಲಿ, ಒಬ್ಬನೇ ಮೊಮ್ಮಗ 1963ರಲ್ಲಿ. ಮನೆಯನ್ನು ಬರೆದುಕೊಡಲು ವಾರಸುದಾರರೇ ಉಳಿದಿರಲಿಲ್ಲ. ಆ ಬಳಿಕವೂ ಮೂರು ದಶಕಕ್ಕೂ ಹೆಚ್ಚು ಕಾಲ ಆಕೆ ಬದುಕಿದ್ದರು. ಕೊನೆಯ ವರ್ಷಗಳಲ್ಲಿ ಕಣ್ಣು, ಕಿವಿ ಎರಡೂ ಕೈಕೊಟ್ಟಿದ್ದವು, ಓಡಾಟ ಗಾಲಿಕುರ್ಚಿಯಲ್ಲಿ. ಮಾತಿನ ಚುರುಕು ಮಾತ್ರ ಉಳಿದಿತ್ತು. ಪಂದ್ಯದ ಷರತ್ತಿನಲ್ಲಿ ಆಕೆ ತೇರ್ಗಡೆಯಾಗುತ್ತಿದ್ದರು. (ಮಗಳೇ ತಾಯಿಯ ಹೆಸರಿನಲ್ಲಿ ಬದುಕಿದ್ದಳೆಂದು ರಷ್ಯದ ಸಂಶೋಧಕರು 2018ರಲ್ಲಿ ಶಂಕೆ ಎತ್ತಿದರು; ಬಹುಪಾಲು ತಜ್ಞರು ಅದನ್ನು ಒಪ್ಪಿಲ್ಲ.) ಆಕೆಯ ದಾಖಲೆಯನ್ನು ಈವರೆಗೆ ಯಾರೂ ಮುರಿದಿಲ್ಲ. ಸನಿಹ ಬಂದ ಜಪಾನಿನ ಕಾನೆ ತನಾಕ 2022ರಲ್ಲಿ 119ನೇ ವಯಸ್ಸಿನಲ್ಲಿ ತೀರಿಕೊಂಡರು.

ಏಕೆ ಹೀಗೆ? ವಿಮೆಯ ಲೆಕ್ಕ ನೋಡುತ್ತಿದ್ದ ಬೆಂಜಮಿನ್ ಗಾಂಪರ್ಟ್ಸ್ ಎಂಬ ಇಂಗ್ಲೆಂಡಿನ ಗಣಿತಜ್ಞ 1825ರಲ್ಲೇ ಇದರ ಸೂತ್ರವನ್ನು ಕಂಡುಕೊಂಡಿದ್ದ. ವಯಸ್ಕನಾದ ಮೇಲೆ ಮನುಷ್ಯ ಸಾಯುವ ಸಂಭವ ಹೆಚ್ಚು ಕಡಿಮೆ ಎಂಟು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮೂವತ್ತರಲ್ಲಿ ಅದು ನಗಣ್ಯ. ತೊಂಬತ್ತರ ಹೊತ್ತಿಗೆ ಏಳೆಂಟು ಸಲ ಇಮ್ಮಡಿಸಿ ಬೆಟ್ಟವಾಗಿರುತ್ತದೆ. ಹಾಗಾಗಿ ಒಂದು ಕಾಯಿಲೆಯನ್ನು ಗೆದ್ದರೂ ಇನ್ನೊಂದು ಬಾಗಿಲಲ್ಲಿ ಕಾದಿರುತ್ತದೆ. ಕ್ಯಾನ್ಸರನ್ನು ಸಂಪೂರ್ಣವಾಗಿ ಅಳಿಸಿಹಾಕಿದರೂ ಅಮೆರಿಕನ್ನರ ಸರಾಸರಿ ಆಯುಷ್ಯ ಹೆಚ್ಚುವುದು ಸುಮಾರು ಮೂರು ವರ್ಷ ಮಾತ್ರ ಎಂಬುದು ಒಲ್ಶಾನ್‌ಸ್ಕಿ ಮೊದಲಾದವರ ಲೆಕ್ಕಾಚಾರ.

ಆದರೆ ನಮ್ಮ ಕಣ್ಣೆದುರಿಗೇ ಆಯುಷ್ಯ ಹೆಚ್ಚಿಲ್ಲವೆ ಎಂದು ಓದುಗರು ಕೇಳಬಹುದು. ಹೆಚ್ಚಿದೆ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಇಂದು ಅದು 70ರ ಆಸುಪಾಸಿನಲ್ಲಿದೆ. ಅಂದಿನವರು ಮೂವತ್ತೆರಡಕ್ಕೇ ಮುದುಕರಾಗಿ ಸಾಯುತ್ತಿದ್ದರೆಂದು ಇದರ ಅರ್ಥವಲ್ಲ. ತೊಟ್ಟಿಲಲ್ಲೇ ಸಾಯುತ್ತಿದ್ದ ಕಂದಮ್ಮಗಳು, ಹೆರಿಗೆಯಲ್ಲಿ ಹೋಗುತ್ತಿದ್ದ ತಾಯಂದಿರು ಸರಾಸರಿಯನ್ನು ಕೆಳಕ್ಕೆಳೆಯುತ್ತಿದ್ದರು. ಲಸಿಕೆ, ಶುದ್ಧ ನೀರು, ಪ್ರತಿಜೈವಿಕ ಔಷಧಿಗಳು, ಭೇದಿಗೆ ಉಪ್ಪು ಸಕ್ಕರೆಯ ನೀರು ಇವು ಕೊಟ್ಟ ಆಯುಷ್ಯ ಅದು. ಮೇಲಿನ ಮಿತಿ ಅಲುಗಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ನೂರು ದಾಟಿ 1962ರಲ್ಲಿ ತೀರಿಕೊಂಡಾಗ ದೇಶದ ಸರಾಸರಿ ಆಯುಷ್ಯ ಐವತ್ತನ್ನೂ ಮುಟ್ಟಿರಲಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಸರಾಸರಿ ಎಪ್ಪತ್ತರ ಸಮೀಪವಿತ್ತು. ಸರಾಸರಿ ಏರಿದೆ ನಿಜ, ಆದರೆ ಅಂಥ ವಯಸ್ಸು ಆಗಲೂ ವಿರಳ, ಈಗಲೂ ವಿರಳ. ಮಕ್ಕಳನ್ನು ಉಳಿಸಿ ಗಳಿಸಿದ ಆಯುಷ್ಯವನ್ನು ಎರಡನೆಯ ಸಲ ಗಳಿಸಲಾಗುವುದಿಲ್ಲ. ದೀರ್ಘಾಯುಷ್ಯಕ್ಕೆ ಹೆಸರಾದ ದೇಶಗಳಲ್ಲಿಯೇ 1990ರಿಂದೀಚೆಗೆ ಏರಿಕೆಯ ವೇಗ ತಗ್ಗಿದೆಯೆಂದು 2024ರಲ್ಲಿ ಒಲ್ಶಾನ್‌ಸ್ಕಿ ತಂಡ ಪ್ರಕಟಿಸಿತು. ಮುಪ್ಪನ್ನೇ ನಿಧಾನಗೊಳಿಸುವ ಉಪಾಯ ಸಿಗದ ಹೊರತು ನೂರು ಮುಟ್ಟುವವರ ಪ್ರಮಾಣ ಹೆಂಗಸರಲ್ಲಿ ಶೇ 15, ಗಂಡಸರಲ್ಲಿ ಶೇ 5ನ್ನು ಮೀರಲಾರದು ಎಂಬುದು ಅವರ ತೀರ್ಮಾನ.

ಆ ಉಪಾಯ ಅಸಾಧ್ಯವೇನಲ್ಲ ಎನ್ನುವವರ ಕೈಯಲ್ಲೂ ಪುರಾವೆಗಳಿವೆ. 1993ರಲ್ಲಿ ಸಿಂಥಿಯಾ ಕೆನ್ಯನ್ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ ಒಂದೇ ಒಂದು ವಂಶವಾಹಿ ಬದಲಾದರೆ ಅದರ ಆಯುಷ್ಯ ಇಮ್ಮಡಿಯಾಗುವುದನ್ನು ತೋರಿಸಿದರು. ಮುಪ್ಪು ಬರೀ ಸವೆತವಲ್ಲ, ಅದನ್ನು ನಿಯಂತ್ರಿಸುವ ಕೀಲಿಗಳು ದೇಹದಲ್ಲಿವೆ ಎಂಬುದು ಅಂದಿನಿಂದ ಗಂಭೀರ ವಿಜ್ಞಾನವಾಯಿತು.

ಇದರ ಮುಂದಿನ ಅಧ್ಯಾಯದಲ್ಲಿ ಒಬ್ಬ ಭಾರತೀಯ ಮೂಲದ ವಿಜ್ಞಾನಿ ಬರುತ್ತಾರೆ. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ಮಣ್ಣಿನ ಮಾದರಿಗಳನ್ನು ತಂದಿತು. ಆ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಮಾಂಟ್ರಿಯಲ್‌ನ ಔಷಧ ಕಂಪನಿಯಲ್ಲಿದ್ದ ಸುರೇಂದ್ರನಾಥ ಸೆಹಗಲ್ ಒಂದು ರಾಸಾಯನಿಕವನ್ನು ಬೇರ್ಪಡಿಸಿದರು. ದ್ವೀಪದ ಸ್ಥಳೀಯ ಹೆಸರು ರಾಪಾ ನುಯಿ. ಔಷಧಿಗೆ ರಾಪಾಮೈಸಿನ್ ಎಂದು ಹೆಸರಾಯಿತು. ಎಂಬತ್ತರ ದಶಕದ ಆರಂಭದಲ್ಲಿ ಆ ಪ್ರಯೋಗಾಲಯ ಮುಚ್ಚಿ ಸಂಶೋಧನೆ ನಿಂತಾಗ, ಸೆಹಗಲ್ ಆ ಜೀವಾಣುವನ್ನು ತಮ್ಮ ಮನೆಯ ಫ್ರೀಜರಿನಲ್ಲಿ, ತಿನ್ನಬೇಡಿ ಎಂಬ ಚೀಟಿ ಅಂಟಿಸಿ, ವರ್ಷಗಟ್ಟಲೆ ಜೋಪಾನ ಮಾಡಿದರು. ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಿಗೆ ಅದು 1999ರಲ್ಲಿ ಮದ್ದಾಗಿ ಬಂದಿತು. 2009ರಲ್ಲಿ, ಮನುಷ್ಯರ ಲೆಕ್ಕದಲ್ಲಿ ಅರವತ್ತಾಗಿದ್ದ ಇಲಿಗಳಿಗೆ ಅದನ್ನು ತಿನ್ನಿಸಿದಾಗ ಹೆಣ್ಣಿಲಿಗಳ ಗರಿಷ್ಠ ಆಯುಷ್ಯ ಶೇ 14, ಗಂಡಿಲಿಗಳದು ಶೇ 9 ಹೆಚ್ಚಿತು. ಮುಪ್ಪು ಶುರುವಾದ ಮೇಲೆ ಕೊಟ್ಟರೂ ಕೆಲಸ ಮಾಡಿದ್ದು ದೊಡ್ಡ ಸುದ್ದಿಯಾಯಿತು. ಅದನ್ನು ಕೇಳಲು ಸೆಹಗಲ್ ಇರಲಿಲ್ಲ. 2003ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು.

ಇಲಿ ಮನುಷ್ಯನಲ್ಲ. ಅರೆಹೊಟ್ಟೆಯಲ್ಲಿಟ್ಟರೆ ಮಂಗಗಳ ಆಯುಷ್ಯ ಹೆಚ್ಚುತ್ತದೆಯೆಂದು ವಿಸ್ಕಾನ್ಸಿನ್‌ನ ವಿಜ್ಞಾನಿಗಳು 2009ರಲ್ಲಿ ಹೇಳಿದರೆ, ಇಲ್ಲವೆಂದು 2012ರಲ್ಲಿ ಅದೇ ದೇಶದ ಇನ್ನೊಂದು ತಂಡ ಹೇಳಿತು. ಕೆಂಪು ದ್ರಾಕ್ಷಾರಸದಲ್ಲಿರುವ ಒಂದು ಅಂಶದ ಬೆನ್ನು ಹತ್ತಿದ್ದ ಪುಟ್ಟ ಕಂಪನಿಯನ್ನು ಗ್ಲ್ಯಾಕ್ಸೊ ಸ್ಮಿತ್‌ಕ್ಲೈನ್ 2008ರಲ್ಲಿ 72 ಕೋಟಿ ಡಾಲರಿಗೆ ಕೊಂಡು, 2013ರಲ್ಲಿ ಬಾಗಿಲು ಹಾಕಿಸಿತು. ಈಗ ಎಲ್ಲರ ದೃಷ್ಟಿ ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಕಂಡುಹಿಡಿದ ವಿದ್ಯೆಯ ಮೇಲಿದೆ. ನಾಲ್ಕು ವಂಶವಾಹಿಗಳ ನೆರವಿನಿಂದ ಬಲಿತ ಜೀವಕೋಶವನ್ನು ಭ್ರೂಣಾವಸ್ಥೆಗೆ ಮರಳಿಸಬಹುದು. ಪೂರ್ತಿ ಮರಳಿಸದೆ ಅರ್ಧ ದಾರಿಯಲ್ಲಿ ನಿಲ್ಲಿಸಿದರೆ ಯೌವನ, ಹದ ತಪ್ಪಿದರೆ ಗಡ್ಡೆ. ಈ ಹಾದಿಯಲ್ಲಿ ಹೊರಟಿರುವ ಆಲ್ಟೋಸ್ ಲ್ಯಾಬ್ಸ್ 2022ರಲ್ಲಿ ಆರಂಭವಾದದ್ದೇ 300 ಕೋಟಿ ಡಾಲರ್ ಬಂಡವಾಳದಿಂದ.

ಆ ಕೋಟಿಗಳ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನಿಟ್ಟು ನೋಡಬೇಕು. ನಮ್ಮಲ್ಲಿ ಸಕ್ಕರೆ ಕಾಯಿಲೆಯಿರುವ ಮನೆಗಳ ಮಾತ್ರೆ ಡಬ್ಬಿಯಲ್ಲೆಲ್ಲ ಮೆಟ್‌ಫಾರ್ಮಿನ್ ಇರುತ್ತದೆ. ಅದು ಮುಪ್ಪಿನ ಕಾಯಿಲೆಗಳನ್ನು ಮುಂದೂಡಬಲ್ಲುದೇ ಎಂದು ಅರವತ್ತೈದು ದಾಟಿದ ಮೂರು ಸಾವಿರ ಜನರಲ್ಲಿ ಪರೀಕ್ಷಿಸುವ ಯೋಜನೆಯೊಂದನ್ನು ನ್ಯೂಯಾರ್ಕಿನ ವೈದ್ಯ ನಿರ್ ಬರ್ಜಿಲಾಯ್ 2015ರ ವೇಳೆಗೇ ಸಿದ್ಧಪಡಿಸಿದ್ದರು. ಮಾತ್ರೆ ತೀರಾ ಅಗ್ಗ, ಪೇಟೆಂಟ್ ಎಂದೋ ಮುಗಿದಿದೆ, ಗೆದ್ದರೆ ಲಾಭ ಯಾರಿಗೂ ಇಲ್ಲ. ವರ್ಷಗಳ ಕಾಲ ಆ ಯೋಜನೆ ಹಣಕ್ಕಾಗಿ ಅಲೆಯಿತು. ಮದ್ದು ಫಲಿಸುವುದೋ ಇಲ್ಲವೋ ಬೇರೆ ಮಾತು. ಜಗತ್ತಿನ ಅತಿ ಶ್ರೀಮಂತರು ತಮ್ಮ ಸಾವನ್ನು ಮುಂದೂಡಲು ತೋರುವ ಆತುರದಲ್ಲಿ ಸಾಮಾನ್ಯರ ಮುಪ್ಪಿನ ಬಗ್ಗೆ ಕಾಳಜಿ ಎಷ್ಟಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ಕೇಳಬೇಕಾದ ಪ್ರಶ್ನೆ ಎಷ್ಟು ವರ್ಷ ಎಂಬುದಲ್ಲ, ಎಂಥ ವರ್ಷ ಎಂಬುದು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನಂತೆ ಜಗತ್ತಿನ ಸರಾಸರಿ ಆಯುಷ್ಯಕ್ಕೂ ಆರೋಗ್ಯವಂತ ಆಯುಷ್ಯಕ್ಕೂ ನಡುವಿನ ಅಂತರ ಸುಮಾರು ಹತ್ತು ವರ್ಷ. ನಮ್ಮ ಮನೆಗಳಲ್ಲಿ ಇಂದು ನಡೆಯುತ್ತಿರುವ ದುಃಖವೆಲ್ಲ ಈ ಹತ್ತು ವರ್ಷದೊಳಗಿದೆ. ಅರವತ್ತಕ್ಕೆ ಅರಳು ಮರಳು ಎಂದ ನಮ್ಮ ಹಿರಿಯರು ಅರವತ್ತು ತುಂಬಿದ್ದನ್ನೇ ಷಷ್ಟ್ಯಬ್ದಿ ಮಾಡಿ ಸಂಭ್ರಮಿಸುತ್ತಿದ್ದರು. ಎಂಬತ್ತೊಂದರ ಹತ್ತಿರ ಬಂದವರಿಗೆ ಸಹಸ್ರ ಚಂದ್ರ ದರ್ಶನದ ಶಾಂತಿ. ಈಗ ಅರವತ್ತರವರು ಸ್ಕೂಟರ್ ಓಡಿಸಿಕೊಂಡು ಹೋಗಿ, ತೊಂಬತ್ತರ ತಾಯಿಗೆ ಡೈಪರ್ ತರುತ್ತಾರೆ. ಮುದುಕರನ್ನು ನೋಡಿಕೊಳ್ಳುವವರೂ ಮುದುಕರೇ ಆಗಿರುವ ಇಂಥ ಸಂಸಾರಗಳು ನಮ್ಮ ಬಡಾವಣೆಗಳಲ್ಲಿ ಬೀದಿಗೊಂದರಂತಿವೆ. ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ ಎಂಬ ಗಾದೆಯಲ್ಲಿ ಹೋಗುವುದಕ್ಕೊಂದು ದಾರಿಯಾದರೂ ಇತ್ತು.

ಗಿರೀಶ ಕಾರ್ನಾಡರು 1961ರಲ್ಲಿ ಪ್ರಕಟವಾದ ತಮ್ಮ ಮೊದಲ ನಾಟಕ ‘ಯಯಾತಿ’ಯಲ್ಲಿ ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ಸೃಷ್ಟಿಸಿದರು. ಮಗನ ಯೌವನವನ್ನು ತಂದೆ ಪಡೆದರೆ ಅದರ ಬೆಲೆ ತೆರುವವರಲ್ಲಿ ಮಗನೊಬ್ಬನೇ ಇರುವುದಿಲ್ಲ ಎಂಬುದು ಅವರಿಗೆ ಹೊಳೆದಿತ್ತು. ನೂರೈವತ್ತರವರೆಗೆ ಗಟ್ಟಿಯಾಗಿರುವ ಯಜಮಾನ ಆಸ್ತಿಯನ್ನೂ ಅಧಿಕಾರವನ್ನೂ ಬಿಟ್ಟುಕೊಡುವುದು ಯಾವಾಗ? ಮೊಮ್ಮಗನಿಗೆ ಎಂಬತ್ತಾದ ಮೇಲೆಯೆ? ನಮ್ಮ ರಾಜಕೀಯ ಪಕ್ಷಗಳನ್ನು ನೋಡಿದರೆ ಉತ್ತರ ಊಹಿಸುವುದು ಕಷ್ಟವಲ್ಲ.

ಹಾಗೆಂದು ಈ ವಿಜ್ಞಾನವೇ ಬೇಡವೆನ್ನುವವನು ನಾನಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ನಲವತ್ತೈದು ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಕೈಗೊಂಡಿದ್ದಾರೆ. ಯಾರ ನೆನಪು ಮಾಸುತ್ತದೆ, ಯಾರದು ಉಳಿಯುತ್ತದೆ, ಏಕೆ ಎಂಬುದು ಅದರ ಹುಡುಕಾಟ. ಯಾರನ್ನೂ ನೂರೈವತ್ತಕ್ಕೆ ಮುಟ್ಟಿಸುವ ಭರವಸೆ ಅದರಲ್ಲಿಲ್ಲ. ಆ ಹತ್ತು ವರ್ಷದ ಅಂತರ ಮೂರಕ್ಕೋ ನಾಲ್ಕಕ್ಕೋ ಇಳಿದರೆ ಅದು ಇಂಥ ತಾಳ್ಮೆಯ ಕೆಲಸದಿಂದಲೇ ಎಂದು ನನ್ನ ನಂಬಿಕೆ.

ಮೈಸೂರಿನಲ್ಲಿರುವ ನನ್ನ ಸೋದರತ್ತೆಗೆ ಈಗ ತೊಂಬತ್ತೊಂದು. ಅಂಚೆ ಇಲಾಖೆಯಲ್ಲಿ ದುಡಿದದ್ದು ಮೂವತ್ತನಾಲ್ಕು ವರ್ಷ, ಪಿಂಚಣಿ ಪಡೆಯುತ್ತಿರುವುದು ಮೂವತ್ತಮೂರು ವರ್ಷದಿಂದ. ಕೇಂದ್ರ ಸರ್ಕಾರದ ನಿಯಮದಂತೆ ಎಂಬತ್ತಾದಾಗ ಶೇ 20 ಹೆಚ್ಚುವರಿ ಪಿಂಚಣಿ ಬಂತು, ತೊಂಬತ್ತಾದಾಗ ಅದು ಶೇ 40 ಆಯಿತು. ನೂರಾದರೆ ಶೇ 100. ಪಟ್ಟಿ ಅಲ್ಲಿಗೆ ಮುಗಿಯುತ್ತದೆ, ಸರ್ಕಾರ ಅದರಾಚೆಗೆ ಯೋಚಿಸಿಲ್ಲ. ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಅವರು ಪ್ರಮಾಣ ಕೊಡಬೇಕು. ಹೆಬ್ಬೆಟ್ಟಿನ ಗೆರೆ ಸವೆದಿರುವುದರಿಂದ ಬ್ಯಾಂಕಿನ ಯಂತ್ರ ಅವರನ್ನು ಗುರುತಿಸುವುದಿಲ್ಲ. ಕಳೆದ ಸಲ ಮೂರು ಬಾರಿ ಒರೆಸಿ ಒತ್ತಿದರೂ ಆಗದೆ, ಕೊನೆಗೆ ಕಾಗದದ ಮೇಲೆ ಸಹಿ ಹಾಕಿ ಬಂದರು. ಜೊತೆಗಿದ್ದ ಮಗಳಿಗೆ ಅರವತ್ತನಾಲ್ಕು. ಆ ಸಂಜೆ ಅವರಿಗೆ ಈ ಅಮೆರಿಕದ ಪಂದ್ಯದ ಕಥೆಯನ್ನು ಹೇಳಿದೆ. ಪೂರ್ತಿ ಕೇಳಿಸಿಕೊಂಡು ಮನಸ್ಸಿನಲ್ಲೇ ಏನೋ ಕಳೆಯುವ ಲೆಕ್ಕ ಮಾಡಿದರು. “ಇನ್ನೂ ಐವತ್ತೊಂಬತ್ತು ನವೆಂಬರ್ ಆಯ್ತಲ್ಲೋ,” ಎಂದರು. “ಅಷ್ಟು ಸಲ ನನ್ನ ಬ್ಯಾಂಕಿಗೆ ಕರ್ಕೊಂಡು ಹೋಗೋರು ಯಾರೋ? ಇವಳಿಗೇ ಮಂಡಿ ನೋವು.”