ಎಣಿಕೆಯಾಚೆಯ ‘ಒಂದು’

ಕನ್ನಡದಲ್ಲಿ ಎಣಿಕೆ ಶುರುವಾಗುವುದು ‘ಒಂದು’ ಎಂಬ ಪದದಿಂದಲೇ ಆದರೂ, ದಿನಬಳಕೆಯಲ್ಲಿ ಆ ಪದ ಹೊತ್ತಿರುವ ಹೊಣೆಗಳಲ್ಲಿ ಎಣಿಕೆಯ ಪಾಲು ಚಿಕ್ಕದು. ‘ಒಂದು ಊರಿನಲ್ಲಿ ಒಬ್ಬ ರಾಜನಿದ್ದ’ ಎಂದು ಕಥೆ ಆರಂಭವಾದಾಗ ಕೇಳುವವರು ಊರನ್ನಾಗಲಿ ರಾಜರನ್ನಾಗಲಿ ಲೆಕ್ಕಹಾಕದೆ, ಇದುವರೆಗೆ ಪ್ರಸ್ತಾಪವಾಗದ ಊರೂ ರಾಜನೂ ಈಗ ಮಾತಿಗೆ ಬಂದರೆಂದಷ್ಟೇ ತಿಳಿಯುತ್ತಾರೆ. ‘ಮದುವೆಗೆ ಒಂದು ಐವತ್ತು ಜನ ಬಂದಿದ್ದರು’ ಎಂಬಲ್ಲಿಯಂತೂ ಅದೇ ಪದ ಐವತ್ತರ ಬಿಗಿಯನ್ನು ಸಡಿಲಿಸಿ ‘ಸುಮಾರು’ ಎಂಬ ಅರ್ಥ ಕೊಡುತ್ತದೆ. ಅತ್ಯಂತ ಖಚಿತವಾಗಿರಬೇಕಾದ ಸಂಖ್ಯೆಯೇ ಅಂದಾಜಿನ ಗುರುತಾಗಿರುವುದು ನಿಜಕ್ಕೂ ಸೋಜಿಗ.

ಪದ ನಿಲ್ಲುವ ಜಾಗ ಬದಲಾದರೆ ಅರ್ಥವೂ ಬದಲಾಗುತ್ತದೆ. ‘ಒಂದು ಕಾರು ಸಾಕು’ ಎಂಬಲ್ಲಿ ಎಣಿಕೆಯಿದೆ. ‘ಕಾರೊಂದು ಮರಕ್ಕೆ ಡಿಕ್ಕಿ ಹೊಡೆದಿದೆ’ ಎಂದು ಪತ್ರಿಕೆ ಬರೆದಾಗ ನಾಮಪದದ ಬಾಲಕ್ಕೆ ಸೇರಿದ ‘ಒಂದು’ ಯಾವುದೋ ಕಾರು ಎಂದು ಮಾತ್ರ ಸೂಚಿಸುತ್ತದೆ. ‘ನೀರೊಂದಿದ್ದರೆ ಸಾಕು, ಬೆಳೆ ಬಂದೇ ಬರುತ್ತದೆ’ ಎನ್ನುವ ರೈತರ ಮಾತಿನಲ್ಲಿ ಅದು ‘ಮಾತ್ರ’ ಎಂಬುದಕ್ಕೆ ಸಮ, ಏಕೆಂದರೆ ನೀರು ಎಣಿಸುವ ವಸ್ತುವೇ ಅಲ್ಲ.

ಹಸುವಿಗೂ ಮರಕ್ಕೂ ಸಲ್ಲುವ ‘ಒಂದು’ ಮನುಷ್ಯರಿಗೆ ಸಲ್ಲುವುದಿಲ್ಲ. ಅಲ್ಲಿ ಒಬ್ಬ, ಒಬ್ಬಳು, ಒಬ್ಬರು ಎಂಬ ಬೇರೆ ರೂಪಗಳೇ ಬೇಕು. ಈ ಭೇದ ಇಬ್ಬರು, ಮೂವರು, ನಾಲ್ವರು, ಐವರು ಎಂದು ಮುಂದುವರಿದು, ಇಂದಿನ ಬಳಕೆಯಲ್ಲಿ ಸಾಮಾನ್ಯವಾಗಿ ಅಲ್ಲಿಗೇ ನಿಂತು, ‘ಆರು ಮಂದಿ’, ‘ಏಳು ಜನ’ ಎಂಬ ಜೋಡಿಪದಗಳಿಗೆ ದಾರಿಬಿಡುತ್ತದೆ. ಹಿಂದೆ ಇದರ ಹರಹು ದೊಡ್ಡದಿತ್ತೆಂಬುದಕ್ಕೆ ಐಹೊಳೆಯ ಹೆಸರಿನೊಡನೆ ಶಾಸನಗಳಲ್ಲಿ ಕಾಣುವ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಹೆಸರೇ ಸಾಕ್ಷಿ.

‘ಒಬ್ಬ’ ಎಂಬುದು ಹಳಗನ್ನಡದ ‘ಒರ್ವ’ದ ಮುಂದಿನ ರೂಪವಾಗಿದ್ದು, ಅದರಲ್ಲಿರುವ ‘ಒರ್’ ಎಂಬ ಮೂಲ ರೂಪ ತನ್ನ ರಕಾರವನ್ನು ಮುಂದಿನ ವ್ಯಂಜನಕ್ಕೆ ಒಪ್ಪಿಸಿ ಹಲವು ಪದಗಳಲ್ಲಿ ಅಡಗಿ ಕುಳಿತಿದೆ: ಒರ್ಮೆ ‘ಒಮ್ಮೆ’ಯಾಗಿದೆ, ಒಂದೇ ಕಟ್ಟಾಗಿ ನಿಲ್ಲುವುದು ‘ಒಗ್ಗಟ್ಟು’, ಒಂದೇ ದನಿ ‘ಒಕ್ಕೊರಲು’, ದಿನಕ್ಕೆ ಒಂದೇ ಹೊತ್ತಿನ ಊಟ ‘ಒಪ್ಪೊತ್ತು’. ‘ಒಂಬತ್ತು’ ಕೂಡ ಹತ್ತರ ಹಳೆಯ ರೂಪವಾದ ‘ಪತ್ತು’ವಿಗೆ ಒಂದು ಕಡಿಮೆ ಎಂಬ ಲೆಕ್ಕದಿಂದ ಹುಟ್ಟಿದ್ದೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ.

ಇಷ್ಟೆಲ್ಲ ಕಡೆ ಹಬ್ಬಿರುವ ಈ ಪದ, ಎಣಿಕೆಯೇ ಮುಖ್ಯವಾದ ಕಣದಲ್ಲಿ ಮಾತ್ರ ಹಿಂದೆ ಸರಿಯುತ್ತದೆ; ಕೊಳಗದಿಂದ ರಾಗಿಯನ್ನೋ ಭತ್ತವನ್ನೋ ಅಳೆಯುವವರು ಮೊದಲ ಅಳತೆಯನ್ನು ಶುಭಸೂಚಕವಾಗಿ ‘ಲಾಭ’ ಎಂದು ಕರೆದು, ಅಲ್ಲಿಂದ ನೇರವಾಗಿ ‘ಎರಡು’ ಎನ್ನುವ ರೂಢಿ ಹಳ್ಳಿಗಳಲ್ಲಿದೆ.